ನೆರೆಮನೆಯವರ ಕಿರುಕುಳ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಬೀದಿಯಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕುವವರ ನಡುವಿನ ತಕರಾರುಗಳ ಬಗ್ಗೆ ಮಾತುಕತೆಗಳಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಲಾಗಿದೆ. ಕಾನೂನಿನ ವಿವರಗಳು ಒಂದೊಂದು ಕಡೆ ಒಂದೊಂದು ರೀತಿ ಇರುವುದರಿಂದ, ಎಲ್ಲಿದ್ದವರಿಗೂ ಅನ್ವಯಿಸುವ ಸಂಗತಿಗಳನ್ನಷ್ಟೇ ಹೇಳಲಾಗಿದೆ. ನಿಮ್ಮ ಪ್ರಕರಣದಲ್ಲಿ ಬೆದರಿಕೆಯೋ ಹೊಡೆದಾಟವೋ ಸೇರಿದ್ದರೆ ಮೊದಲ ಭಾಗಗಳನ್ನು ಬಿಟ್ಟು ನೇರವಾಗಿ ಕೊನೆಯ ಭಾಗಕ್ಕೆ ಹೋಗಿ.

## ಆರಂಭದ ಅನುಮಾನಗಳು

ಇದು ನಿಜವಾಗಿಯೂ ಕಿರುಕುಳವೇ, ಅಥವಾ ನನಗೇ ಸಹನೆ ಕಡಿಮೆಯಾಗಿದೆಯೇ?

ಈ ಅನುಮಾನ ಬಂದವರು ಬಹುಮಟ್ಟಿಗೆ ಸಹನೆ ಉಳ್ಳವರೇ ಆಗಿರುತ್ತಾರೆ. ಸಹನೆ ಇಲ್ಲದವರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ಮನೆ ಎಂದ ಮೇಲೆ ಮಗು ಅಳುತ್ತದೆ, ಬಾಗಿಲು ಬಡಿದುಕೊಳ್ಳುತ್ತದೆ, ಅಪರೂಪಕ್ಕೊಮ್ಮೆ ನೆಂಟರಿಷ್ಟರು ಸೇರಿ ತಡರಾತ್ರಿಯವರೆಗೆ ನಗುತ್ತಾರೆ. ಅಷ್ಟನ್ನು ಸಹಿಸಿಕೊಳ್ಳುವುದು ಅಕ್ಕಪಕ್ಕದಲ್ಲಿ ಬದುಕುವುದರ ಬೆಲೆ. ಕಿರುಕುಳ ಎನ್ನಬೇಕಾದರೆ ಅದು ಮರುಕಳಿಸುತ್ತಿರಬೇಕು, ನಿದ್ದೆ, ಓಡಾಟ, ಸುರಕ್ಷತೆಯಂತಹ ದಿನನಿತ್ಯದ ಅಗತ್ಯಗಳಿಗೆ ಅಡ್ಡಿಯಾಗುತ್ತಿರಬೇಕು, ಮತ್ತು ನಿಮ್ಮ ಜಾಗದಲ್ಲಿ ಬೇರೆ ಯಾರಿದ್ದರೂ ಅವರಿಗೂ ಅದು ಅಡ್ಡಿಯೇ ಆಗುತ್ತಿರಬೇಕು.

ಈ ಕೊನೆಯ ಅಳತೆಗೋಲು ಹಳೆಯದು. 1889ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ರಾಬಿನ್ಸನ್ ವಿರುದ್ಧ ಕಿಲ್ವರ್ಟ್ ಎಂಬ ಮೊಕದ್ದಮೆ ಬಂದಿತ್ತು. ಕೆಳಗಿನ ಅಂತಸ್ತಿನ ಕೆಲಸದ ಬಿಸಿಗೆ ಮೇಲಿನ ಅಂತಸ್ತಿನಲ್ಲಿ ಇಟ್ಟಿದ್ದ ವಿಶೇಷ ಬಗೆಯ ಕಾಗದ ಒಣಗಿ ಹಾಳಾಗುತ್ತಿದೆ ಎಂಬುದು ದೂರು. ಸಾಮಾನ್ಯ ಕಾಗದವಾಗಿದ್ದರೆ ಹಾಳಾಗುತ್ತಿರಲಿಲ್ಲ ಎಂಬ ಕಾರಣಕ್ಕೆ ಆ ದೂರು ಬಿದ್ದುಹೋಯಿತು. ಮನುಷ್ಯರ ವಿಷಯದಲ್ಲೂ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಬಹುದು. ನಿಮ್ಮ ಮನೆಗೆ ಬಂದು ಒಂದು ರಾತ್ರಿ ತಂಗಿದ ನೆಂಟರು, ನೀವು ಬಾಯಿ ಬಿಡುವ ಮೊದಲೇ, ‘ದಿನಾ ಹೀಗೆಯೇ?’ ಎಂದು ಕೇಳಿದರೆ ಉತ್ತರ ಸಿಕ್ಕಿದಂತೆಯೇ.

ಸದ್ದು ಅಷ್ಟೇನೂ ದೊಡ್ಡದಲ್ಲ. ಆದರೂ ಅದು ಶುರುವಾದರೆ ನನಗೆ ಮೈಯೆಲ್ಲ ಉರಿಯುತ್ತದೆ, ಏಕೆ?

ಸಂಕಟ ಕೊಡುವುದು ಸದ್ದಿನ ಪ್ರಮಾಣಕ್ಕಿಂತ ಹೆಚ್ಚಾಗಿ, ಅದರ ಮೇಲೆ ನಮಗೆ ಹಿಡಿತವಿಲ್ಲ ಎಂಬ ಭಾವನೆ. ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1972ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಯಾವಾಗ ಬರುತ್ತದೆಂದು ತಿಳಿಯದ ಗದ್ದಲವನ್ನು ಕೇಳಿಸಿದ ಮೇಲೆ ಜನರು ಬಿಡಿಸಲಾಗದ ಒಗಟುಗಳನ್ನು ಬೇಗ ಕೈಬಿಟ್ಟರು, ಕರಡು ತಿದ್ದುವಾಗ ಹೆಚ್ಚು ತಪ್ಪು ಮಾಡಿದರು. ಅದೇ ಗದ್ದಲವನ್ನು ಕೇಳಿದ ಇನ್ನೊಂದು ಗುಂಪಿನ ಕೈಯಲ್ಲಿ, ಬೇಕಾದರೆ ಒತ್ತಿ ಅದನ್ನು ನಿಲ್ಲಿಸಬಹುದಾದ ಗುಂಡಿಯೊಂದಿತ್ತು. ಒತ್ತದೇ ಇದ್ದರೂ ಆ ಗುಂಪಿನವರ ಸ್ಥಿತಿ ಎಷ್ಟೋ ಮೇಲಾಗಿತ್ತು. ನೆರೆಮನೆಯ ಸದ್ದು ನಿಮ್ಮ ಕೈಯಲ್ಲಿ ಗುಂಡಿಯಿಲ್ಲದ ಸದ್ದು. ಮುಂದೆ ಹೇಳುವ ದಿನಚರಿ ಬರೆಯುವುದು, ಪತ್ರ ಕಳಿಸುವುದು, ದೂರಿನ ಸಂಖ್ಯೆ ಪಡೆಯುವುದು ಇವೆಲ್ಲ ಸದ್ದನ್ನು ತಕ್ಷಣ ನಿಲ್ಲಿಸುವುದಿಲ್ಲವಾದರೂ, ಏನೋ ಮಾಡುತ್ತಿದ್ದೇನೆ ಎಂಬ ಅರಿವಿನಿಂದಲೇ ಅರ್ಧ ಉರಿ ತಗ್ಗುವುದನ್ನು ಅನೇಕರು ಗಮನಿಸಿದ್ದಾರೆ.

ಇನ್ನು ಪ್ರಮಾಣದ ಮಾತು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಒಳ್ಳೆಯ ನಿದ್ದೆಗೆ ಮಲಗುವ ಕೋಣೆಯೊಳಗಿನ ನಿರಂತರ ಸದ್ದು 30 ಡೆಸಿಬೆಲ್ ಮೀರಬಾರದು, ಬಿಡಿ ಸದ್ದುಗಳು 45 ಡೆಸಿಬೆಲ್ ದಾಟಬಾರದು. 30 ಡೆಸಿಬೆಲ್ ಎಂದರೆ ಹೆಚ್ಚುಕಡಿಮೆ ಪಿಸುಮಾತು. ಆದ್ದರಿಂದ ‘ಅಷ್ಟೇನೂ ದೊಡ್ಡದಲ್ಲದ’ ಸದ್ದು ನಿದ್ದೆ ಕೆಡಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಅವರು ಬೇಕೆಂದೇ ಮಾಡುತ್ತಿದ್ದಾರೆ. ಇದರಲ್ಲಿ ಅನುಮಾನವೇ ಇಲ್ಲ, ಅಲ್ಲವೇ?

ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು. ನಮ್ಮಿಂದ ಬಾಗಿಲು ಜೋರಾಗಿ ಮುಚ್ಚಿಕೊಂಡರೆ ಗಾಳಿಯ ಮೇಲೆ ತಪ್ಪು ಹೊರಿಸುತ್ತೇವೆ, ಪಕ್ಕದವರಿಂದ ಆದರೆ ಅವರ ಸ್ವಭಾವದ ಮೇಲೆ ಹೊರಿಸುತ್ತೇವೆ. ಪರಿಸ್ಥಿತಿಯನ್ನು ಮರೆತು ಸ್ವಭಾವವನ್ನು ದೂರುವ ಈ ಒಲವನ್ನು ಲೀ ರಾಸ್ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲಿ ‘ಮೂಲಭೂತ ತಪ್ಪು’ ಎಂದೇ ಕರೆದರು. ಸದ್ದಿನ ಸ್ವಭಾವವೂ ಈ ತಪ್ಪಿಗೆ ನೆರವಾಗುತ್ತದೆ. ಹಾಡಿನ ಮಾತು, ತಾರಸ್ವರಗಳು ಗೋಡೆಯಲ್ಲಿ ಅಡಗಿಹೋಗಿ, ತಗ್ಗಿನ ದಢದಢ ಮಾತ್ರ ನಿಮ್ಮ ಕಡೆಗೆ ದಾಟುತ್ತದೆ. ಆಚೆಯವರು ಹಿತವಾದ ಮಟ್ಟದಲ್ಲಿ ಹಾಡು ಕೇಳುತ್ತಿದ್ದರೂ ಈಚೆಗೆ ಅದು ಗೋಡೆ ಗುದ್ದಿದಂತೆಯೇ ಕೇಳಬಹುದು. ತಮ್ಮ ಸದ್ದು ನಿಮ್ಮ ಕೋಣೆಯಲ್ಲಿ ಹೇಗೆ ಕೇಳುತ್ತದೆಂಬುದನ್ನು ಅವರು ಒಮ್ಮೆಯೂ ಕೇಳಿರುವುದಿಲ್ಲ.

## ಮಾತಿನಲ್ಲಿ ಮುಗಿಸುವ ಪ್ರಯತ್ನ

ಮೊದಲ ಸಲ ಹೋಗಿ ಹೇಳುವಾಗ ಏನೆಂದು ಹೇಳಬೇಕು? ಜಗಳವಾಗಿಬಿಡುತ್ತದೆಂದು ಭಯ.

ಇಡೀ ವ್ಯವಹಾರದ ಗತಿಯನ್ನು ನಿರ್ಧರಿಸುವುದು ಈ ಮೊದಲ ಭೇಟಿ. ಆದ್ದರಿಂದ ಇದಕ್ಕೆ ಬೇಕಾದಷ್ಟು ಸಿದ್ಧತೆ ಮಾಡಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಕಿರುಕುಳ ನಡೆಯುತ್ತಿರುವ ಹೊತ್ತಿನಲ್ಲಿ ಹೋಗಬೇಡಿ. ಆಗ ನಿಮಗೆ ಸಿಟ್ಟು ನೆತ್ತಿಗೇರಿರುತ್ತದೆ. ಅವರ ಮನೆಯಲ್ಲಿ ಅತಿಥಿಗಳಿರಬಹುದು, ಅವರು ಕುಡಿದಿರಬಹುದು, ಮತ್ತು ನಾಲ್ಕು ಜನರ ಎದುರಿಗೆ ತಗ್ಗಿ ನಡೆಯುವುದು ಯಾರಿಗೂ ಸುಲಭವಲ್ಲ. ಮರುದಿನ ಅಥವಾ ಅದರ ಮರುದಿನ, ಇಬ್ಬರಿಗೂ ಬಿಡುವಿರುವ ಹೊತ್ತಿನಲ್ಲಿ, ಒಬ್ಬರೇ ಹೋಗಿ. ಮನೆಮಂದಿಯೆಲ್ಲ ಬಾಗಿಲಲ್ಲಿ ನಿಂತರೆ ಒಳಗಿನವರಿಗೆ ಅದು ದಂಡು ಬಂದಂತೆ ಕಾಣುತ್ತದೆ.

ಮಾತನ್ನು ನಿಮ್ಮ ಮನೆಯಿಂದ ಶುರುಮಾಡಿ, ಅವರ ಮನೆಯಿಂದಲ್ಲ. ‘ನೀವು ರಾತ್ರಿಯಿಡೀ ಗಲಾಟೆ ಮಾಡುತ್ತೀರಿ’ ಎಂದರೆ ಅದು ಆರೋಪ. ಅದಕ್ಕೆ ‘ರಾತ್ರಿಯಿಡೀ ಎಲ್ಲಿ ಮಾಡಿದೆವು?’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ‘ನನ್ನ ಮಲಗುವ ಕೋಣೆ ನಿಮ್ಮ ಈ ಗೋಡೆಗೆ ತಾಗಿದೆ, ಹನ್ನೊಂದರ ಮೇಲೆ ಇಲ್ಲಿಯ ಸದ್ದು ಅಲ್ಲಿ ಹೀಗೆ ಕೇಳುತ್ತದೆ, ನಿಮಗೆ ಗೊತ್ತಿರಲಿಕ್ಕಿಲ್ಲ’ ಎಂದರೆ ಅದು ಮಾಹಿತಿ. ಇದರಲ್ಲಿರುವ ‘ನಿಮಗೆ ಗೊತ್ತಿರಲಿಕ್ಕಿಲ್ಲ’ ಎಂಬ ಮಾತು ಬಹಳ ದೊಡ್ಡದು, ಏಕೆಂದರೆ ಅದು ಅವರಿಗೆ ಮರ್ಯಾದೆಯಿಂದ ಹಿಂದೆ ಸರಿಯಲು ದಾರಿ ಬಿಡುತ್ತದೆ. ಗೊತ್ತಿದ್ದೂ ಮಾಡುತ್ತಿದ್ದವರು ಕೂಡ ‘ಹೌದೇ, ಗೊತ್ತಿರಲಿಲ್ಲ’ ಎಂದು ಆ ದಾರಿಯಲ್ಲಿ ನಡೆದುಬಿಡುವುದುಂಟು. ಸಾಧ್ಯವಾದರೆ ಅವರನ್ನೇ ನಿಮ್ಮ ಕೋಣೆಗೆ ಕರೆದು ಒಮ್ಮೆ ಕೇಳಿಸಿ.

ಕೇಳುವುದನ್ನು ಒಂದೇ ಕೇಳಿ, ಮತ್ತು ಅಳೆಯಬಹುದಾದದ್ದನ್ನು ಕೇಳಿ. ‘ಸ್ವಲ್ಪ ನೋಡಿಕೊಳ್ಳಿ’ ಎಂಬುದರ ಅರ್ಥ ಇಬ್ಬರ ಮನಸ್ಸಿನಲ್ಲೂ ಬೇರೆ. ಸ್ಪೀಕರನ್ನು ಗೋಡೆಯಿಂದ ದೂರ ಸರಿಸಿ, ಹತ್ತೂವರೆಯ ಮೇಲೆ ಸದ್ದು ತಗ್ಗಿಸಿ ಎಂಬುದರಲ್ಲಿ ಗೊಂದಲವಿಲ್ಲ. ಐದು ವರ್ಷಗಳಿಂದ ಕೂಡಿಟ್ಟ ಎಲ್ಲ ದೂರುಗಳನ್ನೂ ಒಂದೇ ಭೇಟಿಯಲ್ಲಿ ಸುರಿದರೆ ಯಾವುದೂ ಅವರ ಕಿವಿಗೆ ಹೋಗುವುದಿಲ್ಲ. ಕೊನೆಯಲ್ಲಿ, ನಮ್ಮ ಮನೆಯಿಂದ ನಿಮಗೇನಾದರೂ ತೊಂದರೆಯಿದೆಯೇ ಎಂದು ಕೇಳಿ. ಉತ್ತರ ಬಂದರೆ ಬೆರಗಾಗಬೇಡಿ. ಬಹಳ ಸಲ ಬರುತ್ತದೆ.

ಎದುರಿಗೆ ನಿಂತು ಮಾತನಾಡಲು ನನ್ನಿಂದಾಗದು. ಹೆಸರು ಹಾಕದೆ ಒಂದು ಚೀಟಿ ಬರೆದು ಬಾಗಿಲಲ್ಲಿ ಇಟ್ಟುಬಿಡಲೇ?

ಚೀಟಿ ಬರೆಯಿರಿ, ಆದರೆ ಹೆಸರು ಹಾಕಿ. ಹೆಸರಿಲ್ಲದ ಚೀಟಿ ಸಿಕ್ಕವರು ಬೀದಿಯ ಪ್ರತಿಯೊಂದು ಮನೆಯನ್ನೂ ಅನುಮಾನದಿಂದ ನೋಡತೊಡಗುತ್ತಾರೆ. ಅವರಿಗೆ ನಾಚಿಕೆಗಿಂತ ಮೊದಲು ರೇಗುತ್ತದೆ, ತಿದ್ದಿಕೊಳ್ಳುವ ಮನಸ್ಸಿದ್ದರೂ ಯಾರೊಡನೆ ಮಾತನಾಡಬೇಕೆಂದು ತಿಳಿಯುವುದಿಲ್ಲ. ನಾಲ್ಕೈದು ಸಾಲಿನ ಪತ್ರ ಸಾಕು: ಯಾವ ದಿನ, ಯಾವ ಹೊತ್ತಿನಲ್ಲಿ ಏನಾಯಿತು, ಅದರಿಂದ ನಿಮಗೇನಾಯಿತು, ಏನು ಬದಲಾದರೆ ಅನುಕೂಲ, ನಿಮ್ಮ ಹೆಸರು. ದೊಡ್ಡಕ್ಷರಗಳು, ಕೆಂಪು ಶಾಯಿ, ವ್ಯಂಗ್ಯ, ಕಾನೂನಿನ ಕಲಮುಗಳು ಮೊದಲ ಪತ್ರದಲ್ಲಿ ಬೇಡ. ರಾತ್ರಿ ಬರೆದದ್ದನ್ನು ಬೆಳಿಗ್ಗೆ ಓದಿ ನೋಡದೆ ಕಳಿಸಬೇಡಿ. ಒಂದು ಪ್ರತಿಯನ್ನು ತೆಗೆದಿಟ್ಟುಕೊಳ್ಳಿ.

ಹೇಳಿದೆ, ಒಂದು ವಾರ ಸರಿಯಿತ್ತು, ಮತ್ತೆ ಶುರುವಾಯಿತು. ಈಗ?

ಒಂದು ವಾರ ಸರಿಯಿತ್ತು ಎಂಬುದು ಒಳ್ಳೆಯ ಸುದ್ದಿ: ಅವರಿಗೆ ವಿಷಯ ಅರ್ಥವಾಗಿದೆ, ಬದಲಾಗಲು ಸಾಧ್ಯವೂ ಇದೆ. ಅಭ್ಯಾಸ ಒಂದೇ ಮಾತಿಗೆ ಹೋಗುವುದು ಅಪರೂಪ. ಎರಡನೆಯ ಸಲ ಹೋದಾಗ ಆ ವಾರವನ್ನೇ ಮೊದಲು ನೆನಪಿಸಿ, ಅದಕ್ಕೆ ಧನ್ಯವಾದ ಹೇಳಿ, ನಂತರ ಇತ್ತೀಚಿನ ಎರಡು ದಿನಗಳನ್ನು ತಾರೀಖು ಸಮೇತ ತಿಳಿಸಿ. ಮೂರನೆಯ ಸಲದ ಮಾತನ್ನು ಬರಹದಲ್ಲಿ ಇಡಿ. ಮೂರಾದ ಮೇಲೆ ಮಾತನ್ನು ಮುಂದುವರಿಸುವುದರಿಂದ ಲಾಭವಿಲ್ಲ ಎಂಬುದು ಈ ಪುಟವನ್ನು ಬರೆದವರ ಅನುಭವ. ನಾಲ್ಕನೆಯ, ಐದನೆಯ ಸಲ ಅದೇ ವಿನಂತಿಯನ್ನು ಕೇಳಿಸಿಕೊಂಡವರು ಅದನ್ನೂ ಬೀದಿಯ ಸದ್ದುಗಳಲ್ಲಿ ಒಂದೆಂದು ಎಣಿಸಿಬಿಡುತ್ತಾರೆ.

ಬೀದಿಯವರ ವಾಟ್ಸಾಪ್ ಗುಂಪಿನಲ್ಲಿ ವಿಡಿಯೊ ಹಾಕಿದರೆ ನಾಚಿಕೆಪಟ್ಟು ನಿಲ್ಲಿಸುವುದಿಲ್ಲವೇ?

ನಾಚಿಕೆಪಡಬಹುದು, ಆದರೆ ನಿಲ್ಲಿಸುವ ಭರವಸೆಯಿಲ್ಲ. ಎಲ್ಲರ ಎದುರಿಗೆ ಮಾನ ಕಳೆದುಕೊಂಡವರಿಗೆ ಮುಂದೆ ತಗ್ಗಿ ನಡೆಯುವುದು ಸೋಲೆನಿಸುತ್ತದೆ. ಗುಂಪಿನಲ್ಲಿರುವ ಉಳಿದವರು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತಾರೆ, ಹಗೆ ಮಾತ್ರ ನಿಮ್ಮ ಹೆಸರಿಗೆ ಉಳಿಯುತ್ತದೆ. ಒಬ್ಬರ ಮನೆಯೊಳಗಿನ ದೃಶ್ಯವನ್ನು ಹಂಚಿದ ದೂರು ನಿಮ್ಮ ಮೇಲೆಯೇ ಬರಬಹುದು.

ಅವರು ಮಾಡಿದ್ದನ್ನೇ ನಾನೂ ಮಾಡಿ ತೋರಿಸಿದರೆ ಬುದ್ಧಿ ಬರುವುದಿಲ್ಲವೇ?

ಈ ಪ್ರಶ್ನೆಗೆ 1893ರಲ್ಲೇ ಒಂದು ಸೊಗಸಾದ ಉತ್ತರ ಸಿಕ್ಕಿದೆ. ಲಂಡನ್ನಿನಲ್ಲಿ ಒಂದೇ ಗೋಡೆಯ ಆಚೀಚೆ ಎರಡು ಕುಟುಂಬಗಳಿದ್ದವು. ಒಂದು ಮನೆಯಲ್ಲಿ ಸಂಗೀತ ಪಾಠ, ಇನ್ನೊಂದರಲ್ಲಿ ಕೆತ್ತನೆಯ ಕೆಲಸ ಮಾಡುವವರೊಬ್ಬರು. ಪಾಠದ ಸದ್ದಿಗೆ ಬೇಸತ್ತ ಅವರು ಮೊದಲು ವ್ಯಂಗ್ಯದ ಪತ್ರ ಬರೆದರು. ಅನಂತರ ಪಾಠ ಶುರುವಾದಾಗಲೆಲ್ಲ ಗೋಡೆ ಗುದ್ದುವುದು, ತಟ್ಟೆ ಬಡಿಯುವುದು, ಸಿಳ್ಳೆ ಹಾಕುವುದು, ಕಿರುಚುವುದು ಆರಂಭಿಸಿದರು. ಕ್ರಿಸ್ಟಿ ವಿರುದ್ಧ ಡೇವಿ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ ನ್ಯಾಯಾಧೀಶರು ತಡೆಯಾಜ್ಞೆ ಕೊಟ್ಟದ್ದು ಸಂಗೀತದ ಮನೆಯ ಮೇಲಲ್ಲ, ತಟ್ಟೆ ಬಡಿದವರ ಮೇಲೆ. ಸಂಗೀತ ಪಾಠ ಮನೆಯ ನ್ಯಾಯವಾದ ಬಳಕೆ, ತಟ್ಟೆಯ ಸದ್ದು ಇನ್ನೊಬ್ಬರನ್ನು ಪೀಡಿಸಲೆಂದೇ ಮಾಡಿದ್ದು ಎಂಬುದು ಕಾರಣ. ಉದ್ದೇಶವೇ ಅಲ್ಲಿ ತೀರ್ಪನ್ನು ತಿರುಗಿಸಿತು. ಸೇಡಿನ ಮೊದಲ ದಿನವೇ ನೀವು ದೂರುದಾರರ ಸ್ಥಾನದಿಂದ ಕೆಳಗಿಳಿದು ಜಗಳಗಂಟಿಗಳಲ್ಲಿ ಒಬ್ಬರಾಗುತ್ತೀರಿ, ಮತ್ತು ವಿಚಾರಣೆಗೆ ಬಂದ ಅಧಿಕಾರಿ ‘ಇಬ್ಬರದೂ ತಪ್ಪಿದೆ’ ಎಂದು ಬರೆದುಕೊಂಡು ಹೋಗುತ್ತಾರೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರದು.

ದೂರು ಬಂದಿರುವುದು ನನ್ನ ಮೇಲೆ! ನಾವೇನೂ ತಪ್ಪು ಮಾಡುತ್ತಿಲ್ಲ.

ಇಂತಹ ಪತ್ರಗಳೂ ಬರುತ್ತವೆ, ಮತ್ತು ಅವು ಬಂದಾಗಲೆಲ್ಲ ಸಂತೋಷವಾಗುತ್ತದೆ, ಏಕೆಂದರೆ ಗೋಡೆಯ ಈ ಕಡೆಯ ದನಿ ಕೇಳುವುದು ಕಡಿಮೆ. ಒಂದೇ ದಿನದ ಮಟ್ಟಿಗೆ ಆರೋಪ ನಿಜವೆಂದು ಇಟ್ಟುಕೊಂಡು ನೋಡಿ. ಅವರ ಮನೆಗೆ ಹೋಗಿ ನಿಮ್ಮ ಮನೆಯ ಸದ್ದನ್ನು ಕೇಳಿ. ಕುರ್ಚಿಯ ಕಾಲಿಗೆ ಬಟ್ಟೆ ಸುತ್ತುವುದು, ಬಾಗಿಲಿನ ಚೌಕಟ್ಟಿಗೆ ರಬ್ಬರ್ ಪಟ್ಟಿ ಅಂಟಿಸುವುದು, ವಾಷಿಂಗ್ ಮೆಷಿನ್ನನ್ನು ಗೋಡೆಯಿಂದ ಒಂದು ಗೇಣು ಸರಿಸುವುದು ಇಷ್ಟರಿಂದಲೇ ಮುಗಿದುಹೋದ ಜಗಳಗಳು ಎಷ್ಟೋ ಇವೆ.

## ಬಿಡಿ ಸಮಸ್ಯೆಗಳು

ಪಕ್ಕದ ಮನೆಯ ನಾಯಿ ಇಡೀ ದಿನ ಬೊಗಳುತ್ತದೆ. ಹೇಳಿದರೆ ‘ನಮ್ಮ ನಾಯಿ ಬೊಗಳುವುದೇ ಇಲ್ಲ’ ಎನ್ನುತ್ತಾರೆ.

ಅವರು ಸುಳ್ಳು ಹೇಳುತ್ತಿಲ್ಲದಿರಬಹುದು. ಎಷ್ಟೋ ನಾಯಿಗಳು ಬೊಗಳುವುದು ಒಂಟಿಯಾಗಿದ್ದಾಗ. ಯಜಮಾನರು ಮನೆಗೆ ಬಂದ ಕ್ಷಣ ಸುಮ್ಮನಾಗುತ್ತವೆ. ಹಾಗಾಗಿ ಆ ಸದ್ದನ್ನು ಕೇಳಲಾರದ ಒಬ್ಬರೇ ವ್ಯಕ್ತಿ ನಾಯಿಯ ಯಜಮಾನ. ಒಂದು ವಾರ ಹೊತ್ತು ಗುರುತಿಟ್ಟು, ಹತ್ತು ನಿಮಿಷದ ಧ್ವನಿಮುದ್ರಣದೊಂದಿಗೆ ತೋರಿಸಿ. ಬೊಗಳುವುದು ಯಾವಾಗ ಶುರುವಾಗುತ್ತದೆ ಎಂಬ ಮಾಹಿತಿಯಲ್ಲೇ ಪರಿಹಾರದ ಸುಳಿವಿರುತ್ತದೆ: ಬೀದಿಯಲ್ಲಿ ಜನ ಓಡಾಡಿದಾಗ ಮಾತ್ರವಾದರೆ ಗೇಟಿನ ಕಿಂಡಿ ಮುಚ್ಚಿದರೆ ಸಾಕು, ಯಜಮಾನರು ಹೊರಟ ತಕ್ಷಣವಾದರೆ ಅದು ಒಂಟಿತನದ ಸಂಕಟ, ದಿನವಿಡೀ ಆದರೆ ನಡೆದಾಟ ಸಾಲದೆ ಬಂದ ಬೇಸರ. ನಾಯಿಗೆ ಹೊಡೆಯುವುದು, ಏನನ್ನಾದರೂ ತಿನ್ನಿಸುವುದು ಅಪರಾಧ. ಆ ಯೋಚನೆ ಬಂದಿದ್ದರೆ ಅಲ್ಲಿಗೇ ಬಿಡಿ.

ಸಂಜೆಯಾದರೆ ಹುಡುಗರ ಗುಂಪು ನಮ್ಮ ಮನೆ ಮುಂದೆಯೇ ಸೇರುತ್ತದೆ. ಕೇಳಿದರೆ ಎದುರುತ್ತರ ಕೊಡುತ್ತಾರೆ.

ನಿಂತಿರುವುದನ್ನೂ ಹಾನಿ ಮಾಡುವುದನ್ನೂ ಬೇರೆ ಮಾಡಿ ನೋಡಿ. ಹದಿಹರೆಯದವರಿಗೆ ಸೇರಲು ಬೇರೆ ಜಾಗವಿಲ್ಲದಿದ್ದರೆ ಬೀದಿಯ ದೀಪದ ಕೆಳಗೆ ಸೇರುತ್ತಾರೆ. ನಗುವುದು, ನಿಲ್ಲುವುದು ತಪ್ಪಲ್ಲ. ಕಲ್ಲೆಸೆತ, ಹೆಣ್ಣುಮಕ್ಕಳನ್ನು ಚುಡಾಯಿಸುವುದು, ಗೋಡೆ ಗೀಚುವುದು ತಪ್ಪು. ಮೊದಲನೆಯದಕ್ಕೆ ಗದರಿದರೆ ಎರಡನೆಯದಕ್ಕೆ ಆಹ್ವಾನ ಕೊಟ್ಟಂತೆ. ಗುಂಪಿನ ಎದುರು ಒಬ್ಬನನ್ನು ಬಯ್ಯುವ ಬದಲು, ಅವರಲ್ಲಿ ಒಬ್ಬಿಬ್ಬರ ಹೆಸರು ತಿಳಿದು, ಒಬ್ಬಂಟಿಯಾಗಿ ಸಿಕ್ಕಾಗ ಮಾತನಾಡಿಸಿ. ಹೆಸರು ಹಿಡಿದು ಕರೆಯುವ ಹಿರಿಯರ ಮನೆಗೆ ಕಲ್ಲು ಬೀಳುವುದು ಕಡಿಮೆ. ಹಾನಿ ನಡೆದೇ ನಡೆದಿದ್ದರೆ ಮನೆಯವರಿಗೆ ತಿಳಿಸಿ, ಆದರೆ ‘ನಿಮ್ಮ ಮಗ ಕೆಟ್ಟವನು’ ಎಂದು ಹೇಳಿ ತಂದೆತಾಯಿಯನ್ನು ವಕೀಲರನ್ನಾಗಿ ಮಾಡಬೇಡಿ. ಏನು ಒಡೆದಿದೆ, ಯಾವಾಗ ಒಡೆಯಿತು ಎಂಬಷ್ಟನ್ನೇ ಹೇಳಿ.

ಬೀದಿಯ ಮೂಲೆಯಲ್ಲಿ ಒಬ್ಬರು ಕಸ ಹಾಕಿದರೆ ಎಲ್ಲರೂ ಹಾಕತೊಡಗುತ್ತಾರೆ. ಇದಕ್ಕೇನು ಕಾರಣ?

ಕಸವೇ ಕಸವನ್ನು ಕರೆಯುತ್ತದೆ. ನೆದರ್‌ಲ್ಯಾಂಡ್ಸಿನ ಗ್ರೋನಿಂಗೆನ್ ನಗರದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ನಿಲ್ಲಿಸಿದ ಸೈಕಲ್‌ಗಳಿಗೆ ಜಾಹೀರಾತಿನ ಚೀಟಿ ಕಟ್ಟಿ ಏನಾಗುತ್ತದೆಂದು ನೋಡಿದರು. ಪಕ್ಕದ ಗೋಡೆ ಶುಭ್ರವಾಗಿದ್ದಾಗ ನೂರಕ್ಕೆ 33 ಜನ ಚೀಟಿಯನ್ನು ನೆಲಕ್ಕೆಸೆದರು. ಅದೇ ಗೋಡೆಯ ಮೇಲೆ ಗೀಚು ಬರಹಗಳಿದ್ದಾಗ 69 ಜನ ಎಸೆದರು. ಹಾಗಾಗಿ ಮೊದಲ ಚೀಲ ಬಿದ್ದ ದಿನವೇ ತೆಗೆಸುವುದು, ಹಾಕಿದವರು ಯಾರೆಂದು ತಿಂಗಳುಗಟ್ಟಲೆ ಹುಡುಕುವುದಕ್ಕಿಂತ ಫಲಕಾರಿ. ಅನ್ಯಾಯವಾಗಿ ಕಾಣಬಹುದು, ಆದರೆ ಕೆಲಸ ಮಾಡುತ್ತದೆ.

ನಮ್ಮ ಗೇಟಿನ ಮುಂದೆಯೇ ಗಾಡಿ ನಿಲ್ಲಿಸುತ್ತಾರೆ.

ಗೇಟಿಗೆ ಅಡ್ಡವಾಗಿದ್ದರೆ ಅದು ಸಂಚಾರ ನಿಯಮಕ್ಕೆ ಸೇರಿದ ವಿಷಯ: ಗಾಡಿಯ ಸಂಖ್ಯೆ ಕಾಣುವ ಚಿತ್ರ ತೆಗೆದು ದೂರು ಕೊಡಿ. ಗೇಟಿಗೆ ಅಡ್ಡವಾಗದೆ ಮನೆಯ ಮುಂದಿನ ರಸ್ತೆಯಲ್ಲಷ್ಟೇ ನಿಲ್ಲಿಸಿದ್ದರೆ, ಆ ರಸ್ತೆ ನಿಮ್ಮದಲ್ಲ ಎಂಬ ಕಹಿ ಸತ್ಯವನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಚಕ್ರದ ಗಾಳಿ ಬಿಡುವುದರಿಂದ ಪ್ರಕರಣ ತಿರುಗಿ ನಿಮ್ಮ ಮೇಲೆ ಬರುತ್ತದೆ.

ಸದ್ದು ನಿಲ್ಲುವವರೆಗೆ ನನ್ನ ಮನೆಯೊಳಗೆ ಏನಾದರೂ ಮಾಡಿಕೊಳ್ಳಬಹುದೇ?

ಖಂಡಿತ, ಮೊದಲು ಸಂದುಗಳನ್ನು ಮುಚ್ಚಿ. ಗೋಡೆ, ಬಾಗಿಲು, ಕಿಟಕಿಗಳ ಒಟ್ಟು ವಿಸ್ತೀರ್ಣದಲ್ಲಿ ನೂರರಲ್ಲಿ ಒಂದು ಪಾಲು ತೆರೆದಿದ್ದರೂ, ಗೋಡೆ ಎಷ್ಟೇ ದಪ್ಪವಿರಲಿ, ಗಾಳಿಯಲ್ಲಿ ಬರುವ ಸದ್ದು 20 ಡೆಸಿಬೆಲ್‌ಗಿಂತ ಹೆಚ್ಚು ತಗ್ಗಲಾರದು. ಬಾಗಿಲ ಕೆಳಗಿನ ಬೆರಳಗಲದ ಕಿಂಡಿ, ಕಿಟಕಿಯ ಸಡಿಲ ಚೌಕಟ್ಟು, ವೈರು ಹಾದುಬಂದ ತೂತು ಇವೇ ಆ ಒಂದು ಪಾಲು. ಗೋಡೆಗೆ ಅಂಟಿಸುವ ಸ್ಪಂಜಿನ ಹಾಳೆಗಳಿಗೆ ಹಣ ಸುರಿಯಬೇಡಿ. ಅವು ಕೋಣೆಯೊಳಗಿನ ಪ್ರತಿಧ್ವನಿಯನ್ನು ಹೀರುತ್ತವೆಯೇ ಹೊರತು ಹೊರಗಿನ ಸದ್ದನ್ನು ತಡೆಯುವುದಿಲ್ಲ, ತಡೆಯಲು ತೂಕ ಬೇಕು. ಪುಸ್ತಕ ತುಂಬಿದ ಕಪಾಟನ್ನು ಆ ಗೋಡೆಗೆ ಒರಗಿಸುವುದು, ಹಾಸಿಗೆಯನ್ನು ಎದುರು ಗೋಡೆಗೆ ಬದಲಿಸುವುದು, ಫ್ಯಾನಿನಂತಹ ಏಕತಾನದ ಸದ್ದನ್ನು ಮರೆಯಾಗಿ ಬಳಸುವುದು ತಕ್ಕಮಟ್ಟಿಗೆ ನೆರವಾಗುತ್ತವೆ.

## ದಾಖಲೆ ಮತ್ತು ದೂರು

‘ಡೈರಿ ಬರೆಯಿರಿ’ ಎಂದು ಎಲ್ಲರೂ ಹೇಳುತ್ತಾರೆ. ಅದರಲ್ಲಿ ಏನು ಬರೆಯಬೇಕು?

ತಾರೀಖು, ಆರಂಭವಾದ ಹೊತ್ತು, ಮುಗಿದ ಹೊತ್ತು, ನಡೆದದ್ದೇನು, ಅದರಿಂದ ಆದ ಪರಿಣಾಮ, ಆಗ ನೀವು ಮಾಡಿದ್ದೇನು, ಬೇರೆ ಯಾರು ಕೇಳಿದರು ಅಥವಾ ಕಂಡರು. ವಿಶೇಷಣಗಳನ್ನು ಬಿಟ್ಟುಬಿಡಿ. ‘ಅಸಹ್ಯ ಗಲಾಟೆ’ ಎಂಬುದಕ್ಕೆ ಓದುವವರಿಂದ ಸಿಗುವುದು ಹೆಚ್ಚೆಂದರೆ ಸಹಾನುಭೂತಿ, ‘ರಾತ್ರಿ 11.40ರಿಂದ 1.15ರವರೆಗೆ ಸಂಗೀತ, ಮಗು ಎರಡು ಸಲ ಎದ್ದಿತು’ ಎಂಬುದು ಸಾಕ್ಷಿ. ಘಟನೆಯಾದ ಕೂಡಲೇ ಬರೆಯಿರಿ, ವಾರದ ಕೊನೆಗೆ ನೆನಪಿನಿಂದ ಬರೆದದ್ದು ನೋಡಿದರೇ ತಿಳಿಯುತ್ತದೆ. ಏನೂ ನಡೆಯದ ದಿನಗಳನ್ನೂ ‘ಇಂದು ಶಾಂತ’ ಎಂದು ಗುರುತಿಸಿ. ಅದು ನಿಮ್ಮ ಪ್ರಾಮಾಣಿಕತೆಗೆ ಆಧಾರವಾಗುತ್ತದೆ. ಎರಡು ಮೂರು ವಾರ ಬರೆದು ತಿರುಗಿ ಓದಿದಾಗ ಕೆಲವರಿಗೆ ತೊಂದರೆ ತಾವಂದುಕೊಂಡಷ್ಟು ಆಗಾಗ ಇಲ್ಲವೆಂದು ಗೊತ್ತಾಗುತ್ತದೆ, ಇನ್ನು ಕೆಲವರಿಗೆ ತಾವಂದುಕೊಂಡದ್ದಕ್ಕಿಂತ ಹೆಚ್ಚೆಂದು. ಎರಡೂ ಉಪಯುಕ್ತ.

ಫೋನಿನ ಆಪ್‌ನಲ್ಲಿ ಡೆಸಿಬೆಲ್ ಅಳೆದೆ, ಕಡಿಮೆ ತೋರಿಸುತ್ತಿದೆ. ಹಾಗಾದರೆ ನನ್ನ ದೂರಿಗೆ ಬಲವಿಲ್ಲವೇ?

ಫೋನಿನ ಅಳತೆ ಅಂದಾಜು ಮಾತ್ರ. ಅಧಿಕೃತ ದೂರಿಗೆ ಪ್ರಮಾಣೀಕರಿಸಿದ ಉಪಕರಣ ಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಸಾಮಾನ್ಯವಾಗಿ ಬಳಸುವ ‘ಎ’ ಬಗೆಯ ಅಳತೆ ಮನುಷ್ಯನ ಕಿವಿಯನ್ನು ಅನುಕರಿಸಲೆಂದು ತಗ್ಗು ಸ್ವರಗಳನ್ನು ಕಡಿತಗೊಳಿಸುತ್ತದೆ: 125 ಹರ್ಟ್ಸ್‌ನಲ್ಲಿ ಸುಮಾರು 16 ಡೆಸಿಬೆಲ್, 63 ಹರ್ಟ್ಸ್‌ನಲ್ಲಿ ಸುಮಾರು 26 ಡೆಸಿಬೆಲ್. ನಿಮ್ಮ ತೊಂದರೆ ಸ್ಪೀಕರಿನ ದಢದಢವೋ ಪಂಪಿನ ಗುಂಯ್‌ಗುಡುವಿಕೆಯೋ ಆಗಿದ್ದರೆ ಅದರ ಬಹುಪಾಲು ಈ ಕಡಿತದಲ್ಲೇ ಮಾಯವಾಗಿರುತ್ತದೆ. ಅಳೆಯಲು ಬಂದವರಿಗೆ ಇದನ್ನು ವಿನಯದಿಂದ ನೆನಪಿಸಿ, ತಗ್ಗು ಸ್ವರಗಳನ್ನು ಅಷ್ಟಾಗಿ ಕಡಿತಗೊಳಿಸದ ‘ಸಿ’ ಬಗೆಯಲ್ಲೂ ಅಳೆಯುವಂತೆ ಕೇಳಿ. ಎರಡರ ನಡುವೆ ದೊಡ್ಡ ಅಂತರವಿದ್ದರೆ ತಗ್ಗು ಸ್ವರವೇ ಅಪರಾಧಿ.

ಸಿಸಿ ಕ್ಯಾಮೆರಾ ಹಾಕಿಸಿದರೆ ಎಲ್ಲಕ್ಕೂ ಪುರಾವೆ ಸಿಗುತ್ತದಲ್ಲವೇ?

ಸಿಗುತ್ತದೆ, ಆದರೆ ಕ್ಯಾಮೆರಾದ ಕಣ್ಣು ನಿಮ್ಮ ಗಡಿಯೊಳಗೇ ಇರಲಿ. ಐರೋಪ್ಯ ಒಕ್ಕೂಟದ ನ್ಯಾಯಾಲಯ 2014ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟ ಪ್ರಕರಣವೊಂದರಲ್ಲಿ, ಮನೆಯ ಕಿಟಕಿ ಒಡೆದವರನ್ನು ಹಿಡಿಯಲು ಕ್ಯಾಮೆರಾ ಹಾಕಿದವರೇ ಪ್ರಶ್ನೆಗೆ ಗುರಿಯಾದರು, ಏಕೆಂದರೆ ಆ ಕ್ಯಾಮೆರಾ ಸಾರ್ವಜನಿಕ ರಸ್ತೆಯನ್ನೂ ಎದುರು ಮನೆಯ ಬಾಗಿಲನ್ನೂ ಸೆರೆಹಿಡಿಯುತ್ತಿತ್ತು. ಅದು ಕೇವಲ ಮನೆಯ ಖಾಸಗಿ ಬಳಕೆಯಲ್ಲ, ದತ್ತಾಂಶ ರಕ್ಷಣೆಯ ನಿಯಮಗಳಿಗೆ ಒಳಪಡುತ್ತದೆ ಎಂದು ನ್ಯಾಯಾಲಯ ಹೇಳಿತು. ನಿಮ್ಮಲ್ಲಿಯ ನಿಯಮ ಏನೇ ಇರಲಿ, ಪಕ್ಕದ ಮನೆಯ ಕಿಟಕಿಯತ್ತ ತಿರುಗಿದ ಕ್ಯಾಮೆರಾ ಹೊಸದೊಂದು ಜಗಳಕ್ಕೆ ಬೀಜ.

ಮಧ್ಯಸ್ಥರನ್ನು ಕರೆದರೆ ಉಪಯೋಗವಿದೆಯೇ? ನಮ್ಮ ಬೀದಿಯ ಹಿರಿಯರೊಬ್ಬರು ಮುಂದೆ ಬಂದಿದ್ದಾರೆ.

ಮಾತು ನಿಂತುಹೋಗಿ, ಇನ್ನೂ ಭಯ ಹುಟ್ಟದ ಹಂತದಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ. ಮಧ್ಯಸ್ಥರ ಕೆಲಸ ತೀರ್ಪು ಕೊಡುವುದಲ್ಲ, ಇಬ್ಬರೂ ಒಬ್ಬರ ಮಾತನ್ನೊಬ್ಬರು ಕೊನೆಯವರೆಗೆ ಕೇಳುವಂತೆ ಮಾಡುವುದು. ಆ ಹಿರಿಯರಿಗೆ ಎರಡೂ ಮನೆಯ ಮೇಲೆ ಸಾಲ, ನೆಂಟಸ್ತನ, ಹಳೆಯ ಮುನಿಸು ಯಾವುದೂ ಇರಬಾರದು, ಮತ್ತು ಅಲ್ಲಿ ಆಡಿದ ಮಾತನ್ನು ಬೀದಿಗೆ ಹಂಚುವ ಸ್ವಭಾವವೂ ಇರಬಾರದು. ಎರಡನೆಯ ಅರ್ಹತೆಯುಳ್ಳವರು ಮೊದಲನೆಯದಕ್ಕಿಂತ ಅಪರೂಪ. ಒಪ್ಪಿದ್ದನ್ನು ಅರ್ಧ ಪುಟದಲ್ಲಿ ಬರೆದು, ಇಬ್ಬರೂ ಸಹಿ ಹಾಕಿ, ಒಂದು ತಿಂಗಳ ನಂತರ ಮತ್ತೆ ಕುಳಿತು ನೋಡುವ ದಿನವನ್ನು ಅಲ್ಲೇ ಗೊತ್ತುಮಾಡಿ. ಒಬ್ಬರು ಇನ್ನೊಬ್ಬರಿಗೆ ಹೆದರುತ್ತಿದ್ದರೆ ಮಧ್ಯಸ್ಥಿಕೆ ಸಲ್ಲದು. ಹೆದರಿದವರು ಎಲ್ಲಕ್ಕೂ ಒಪ್ಪುತ್ತಾರೆ.

ದೂರು ಕೊಟ್ಟರೂ ಯಾರೂ ಬರುವುದಿಲ್ಲ. ಹೇಗೆ ಕೊಟ್ಟರೆ ಕೇಳುತ್ತಾರೆ?

ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಒಂದು ಪುಟ ಮೀರದ ಬರಹದಲ್ಲಿ ಕೊಡಿ: ಏನು ನಡೆಯುತ್ತಿದೆ, ಎಷ್ಟು ಸಲ, ನೀವು ಈಗಾಗಲೇ ಯಾವ ಯಾವ ಪ್ರಯತ್ನ ಮಾಡಿದ್ದೀರಿ, ನಿರ್ದಿಷ್ಟವಾಗಿ ಏನು ಮಾಡಬೇಕೆಂದು ಕೇಳುತ್ತೀರಿ. ದಿನಚರಿಯ ಪ್ರತಿ ಲಗತ್ತಿಸಿ. ದೂರಿನ ಸಂಖ್ಯೆ ಪಡೆಯದೆ ಹಿಂದಿರುಗಬೇಡಿ. ಮುಂದಿನ ಎಲ್ಲ ಪತ್ರಗಳಲ್ಲೂ ಅದೇ ಸಂಖ್ಯೆ ಇರಲಿ, ಹೊಸ ದೂರು ಕೊಟ್ಟರೆ ಮತ್ತೆ ಮೊದಲ ಮೆಟ್ಟಿಲು. ನೆರೆಯವರು ಬಾಡಿಗೆದಾರರಾಗಿದ್ದರೆ ಮನೆಯ ಮಾಲೀಕರಿಗೆ ಬರೆದ ಪತ್ರ ಎಷ್ಟೋ ಕಡೆ ಬೇರೆಲ್ಲಕ್ಕಿಂತ ಬೇಗ ಫಲ ಕೊಡುತ್ತದೆ. ಒಂದೇ ದಿನ ಹತ್ತು ಕಚೇರಿಗಳಿಗೆ ಪ್ರತಿ ಕಳಿಸಿದರೆ, ಉಳಿದ ಒಂಬತ್ತರಲ್ಲಿ ಯಾರಾದರೂ ನೋಡುತ್ತಾರೆಂದು ಪ್ರತಿಯೊಬ್ಬರೂ ಸುಮ್ಮನಿರುತ್ತಾರೆ.

‘ನಾವು ಇಪ್ಪತ್ತು ವರ್ಷದಿಂದ ಇಲ್ಲಿದ್ದೇವೆ, ನೀವು ನಿನ್ನೆ ಬಂದವರು’ ಎನ್ನುತ್ತಾರೆ. ನಮಗೆ ಹಕ್ಕಿಲ್ಲವೇ?

ಮೊದಲು ಬಂದವರೆಂಬ ಕಾರಣಕ್ಕೆ ಕಿರುಕುಳ ಕೊಡುವ ಹಕ್ಕು ತಾನಾಗಿ ಹುಟ್ಟುವುದಿಲ್ಲ. 1879ರ ಸ್ಟರ್ಜಸ್ ವಿರುದ್ಧ ಬ್ರಿಡ್ಜ್‌ಮನ್ ಮೊಕದ್ದಮೆಯಲ್ಲಿ ಲಂಡನ್ನಿನ ಮಿಠಾಯಿ ತಯಾರಕರೊಬ್ಬರು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ತಮ್ಮ ಅಡುಗೆಮನೆಯಲ್ಲಿ ದೊಡ್ಡ ಒರಳುಗಳನ್ನು ಕುಟ್ಟುತ್ತಿದ್ದರು. ಪಕ್ಕದ ವೈದ್ಯರು ಆ ಗೋಡೆಗೆ ತಾಗಿಸಿ ತಮ್ಮ ಪರೀಕ್ಷಾ ಕೋಣೆಯನ್ನು ಕಟ್ಟಿಸಿದ ಮೇಲಷ್ಟೇ ತಕರಾರು ಹುಟ್ಟಿತು. ಆದರೂ ತೀರ್ಪು ವೈದ್ಯರ ಪರವಾಯಿತು. ಇಂಗ್ಲಿಷ್ ಕಾನೂನಿನ ಪರಂಪರೆಯನ್ನು ಅನುಸರಿಸುವ ದೇಶಗಳಲ್ಲಿ ಈ ತೀರ್ಪನ್ನು ಇಂದಿಗೂ ಓದಿಸುತ್ತಾರೆ. ಹಾಗೆಂದು ಬೀದಿಯ ಸ್ವರೂಪವನ್ನು ಕಡೆಗಣಿಸುವಂತಿಲ್ಲ. ಅದೇ ತೀರ್ಪಿನಲ್ಲಿ, ಒಂದು ಬಡಾವಣೆಯಲ್ಲಿ ಉಪದ್ರವವೆನಿಸುವುದು ಇನ್ನೊಂದರಲ್ಲಿ ಹಾಗೆನಿಸಬೇಕಾಗಿಲ್ಲ ಎಂಬ ಮಾತೂ ಇದೆ.

ಬೀದಿಯ ಉಳಿದವರಿಗೂ ತೊಂದರೆಯಿದೆ, ಆದರೆ ಯಾರೂ ಬಾಯಿ ಬಿಡುವುದಿಲ್ಲ. ನಾನೊಬ್ಬನೇ ಏಕೆ ಕೆಟ್ಟವನಾಗಬೇಕು?

ಪ್ರತಿಯೊಬ್ಬರೂ ಇದನ್ನೇ ಯೋಚಿಸುತ್ತಿರುತ್ತಾರೆ. ರಾಬರ್ಟ್ ಸ್ಯಾಂಪ್ಸನ್ ಮತ್ತು ಅವರ ಸಹೋದ್ಯೋಗಿಗಳು ಷಿಕಾಗೋದ 343 ನೆರೆಹೊರೆಗಳ 8,782 ನಿವಾಸಿಗಳನ್ನು ಸಮೀಕ್ಷೆ ಮಾಡಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಸ್ಪರ ನಂಬಿಕೆಯಿದ್ದು, ಅಗತ್ಯ ಬಿದ್ದರೆ ನೆರೆಯವರು ನಡುವೆ ಬರುತ್ತಾರೆಂಬ ನಿರೀಕ್ಷೆಯಿದ್ದ ಕಡೆ ಹಿಂಸೆ ಕಡಿಮೆಯಿತ್ತು. ಬಡತನ ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಸಂಬಂಧ ಉಳಿದಿತ್ತು. ಸಭೆ ಕರೆಯುವ ಅಗತ್ಯವಿಲ್ಲ. ಎರಡು ಮೂರು ಮನೆಗಳವರು ಪ್ರತ್ಯೇಕವಾಗಿ, ತಮ್ಮ ತಮ್ಮ ಮಾತಿನಲ್ಲಿ, ತಮ್ಮ ತಮ್ಮ ತಾರೀಖುಗಳೊಂದಿಗೆ ಬರೆದ ದೂರುಗಳು, ಒಂದೇ ಕಾಗದದ ಕೆಳಗಿನ ಮೂವತ್ತು ಸಹಿಗಳಿಗಿಂತ ಗಟ್ಟಿ.

## ಮಾತಿಗೆ ಮೀರಿದಾಗ

ಬೆದರಿಕೆ ಹಾಕುತ್ತಿದ್ದಾರೆ. ತಾಳಿದವನು ಬಾಳಿಯಾನು ಎಂದು ಮನೆಯವರು ಸುಮ್ಮನಿರಲು ಹೇಳುತ್ತಾರೆ.

ಗಾದೆ ಸದ್ದಿಗೆ ಸರಿ, ಬೆದರಿಕೆಗೆ ಅಲ್ಲ. ಹೊಡೆಯುತ್ತೇನೆಂಬ ಮಾತು, ಹಿಂಬಾಲಿಸುವುದು, ಮಕ್ಕಳನ್ನು ತಡೆದು ನಿಲ್ಲಿಸುವುದು, ಆಸ್ತಿ ಹಾಳುಮಾಡುವುದು, ಜಾತಿ, ಧರ್ಮ, ಬಣ್ಣ, ಭಾಷೆ, ಲಿಂಗವನ್ನು ಎತ್ತಿ ನಿಂದಿಸುವುದು ನಡೆದಿದ್ದರೆ ಮೇಲೆ ಹೇಳಿದ ಭೇಟಿ, ಪತ್ರ, ಮಧ್ಯಸ್ಥಿಕೆ ಯಾವುದೂ ಬೇಡ, ಪೊಲೀಸರಿಗೆ ತಿಳಿಸಿ. ಆ ಕ್ಷಣದಲ್ಲಿ ವಾದಿಸದೆ ಒಳಗೆ ಹೋಗಿ ಬಾಗಿಲು ಹಾಕಿ, ನಂತರ ಅವರು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದಿಡಿ. ಬೈಗುಳವನ್ನು ಸಭ್ಯ ಭಾಷೆಗೆ ತಿದ್ದಬೇಡಿ, ಸಾಕ್ಷಿಯ ಬಲ ಅದರಲ್ಲೇ ಇದೆ.

ಗೋಡೆಯಾಚೆ ಕೇಳುವುದು ಗಲಾಟೆಯಲ್ಲ, ಯಾರೋ ಅಳುವುದು. ಇದರಲ್ಲಿ ತಲೆಹಾಕಬಹುದೇ?

ಹಾಕಬೇಕು. ಹೊಡೆತದ ಸದ್ದು, ಮಗುವಿನ ನಿಲ್ಲದ ಚೀರಾಟ, ಸಹಾಯದ ಕೂಗು ಕೇಳಿದರೆ ಅದು ನಿಮ್ಮ ನಿದ್ದೆಯ ವಿಷಯವಲ್ಲ. ಆ ಕ್ಷಣವೇ ತುರ್ತು ಸಂಖ್ಯೆಗೆ ಕರೆ ಮಾಡಿ. ಒಬ್ಬರೇ ಒಳನುಗ್ಗಬೇಡಿ. ಬೇರೆ ಹೊತ್ತಿನಲ್ಲಿ ಪೀಡಿತರು ಒಬ್ಬರೇ ಸಿಕ್ಕರೆ, ‘ನಮ್ಮ ಬಾಗಿಲು ಯಾವಾಗಲೂ ತೆರೆದಿದೆ’ ಎಂಬಷ್ಟು ತಿಳಿಸಿದರೂ ಅದು ದೊಡ್ಡ ಆಸರೆ. ಹೊತ್ತಿಲ್ಲದ ಹೊತ್ತಿನಲ್ಲಿ ಒಬ್ಬರೇ ಮಾತನಾಡುವ, ಇಲ್ಲದ ಶತ್ರುಗಳನ್ನು ಬಯ್ಯುವ ನೆರೆಯವರ ವಿಷಯದಲ್ಲೂ ಇದೇ ದಾರಿ: ಅವರ ಮನೆಯವರಿಗೆ, ಆರೋಗ್ಯ ಕಾರ್ಯಕರ್ತರಿಗೆ ತಿಳಿಸುವುದರಿಂದ ಆಗುವ ಉಪಕಾರ ದೂರಿನಿಂದ ಆಗದು.

ಎಲ್ಲ ಮಾಡಿ ಸಾಕಾಯಿತು. ಮನೆ ಬದಲಿಸಿದರೆ ಸೋತಂತಲ್ಲವೇ?

ಬದಲಿಸಲು ಶಕ್ತಿಯಿದ್ದು, ನಿದ್ದೆ, ಆರೋಗ್ಯ, ಮನೆಮಂದಿಯ ನಡುವಿನ ಮಾತು ಕೆಡುತ್ತಿದ್ದರೆ, ಸೋಲು ಗೆಲುವಿನ ಲೆಕ್ಕವನ್ನು ಬದಿಗಿಟ್ಟು ಖರ್ಚಿನ ಲೆಕ್ಕ ಹಾಕಿ: ಇನ್ನೊಂದು ವರ್ಷ ಇಲ್ಲೇ ಇದ್ದರೆ ಕಳೆದುಕೊಳ್ಳುವುದೆಷ್ಟು, ಹೋದರೆ ಎಷ್ಟು. ಸ್ವಂತ ಮನೆಯಾಗಿದ್ದರೆ ಮಾರುವ ಮುನ್ನ ವಕೀಲರನ್ನು ಕೇಳಿ. ನೆರೆಯವರೊಂದಿಗಿನ ತಕರಾರನ್ನು ಕೊಳ್ಳುವವರಿಗೆ ತಿಳಿಸಬೇಕಾದ ಕರ್ತವ್ಯ ಕೆಲವು ದೇಶಗಳಲ್ಲಿದೆ. ಹೊಸ ಮನೆಯನ್ನು ಹಗಲಿನಲ್ಲಿ ಒಮ್ಮೆ ನೋಡಿ ಒಪ್ಪಬೇಡಿ. ವಾರದ ಕೊನೆಯ ದಿನ ರಾತ್ರಿ ಹನ್ನೊಂದಕ್ಕೆ ಆ ಬೀದಿಯಲ್ಲಿ ಹತ್ತು ನಿಮಿಷ ನಿಲ್ಲಿ, ಒಳಗೆ ಹೋದಾಗ ಎಲ್ಲರೂ ಎರಡು ನಿಮಿಷ ಮಾತು ನಿಲ್ಲಿಸಿ ಗೋಡೆಗೆ ಕಿವಿಗೊಡಿ, ಮತ್ತು ಮನೆ ತೋರಿಸುವವರನ್ನಲ್ಲ, ಪಕ್ಕದ ಮನೆಯವರನ್ನೇ ಮಾತನಾಡಿಸಿ, ಹಿಂದಿನವರು ಏಕೆ ಬಿಟ್ಟರೆಂದು ಕೇಳಿ.